ಕೊನೆಯ ಪುಟದ ಅಕ್ಷತೆ

ಈ ವರ್ಷ ಸರಸ್ವತಿ ಪೂಜೆಗೆ ಅಕ್ಷತೆ ಕಲಸಲು ಕೂತಾಗ ಕೈ ನಿಂತುಬಿಟ್ಟಿತು. ಬಟ್ಟಲಲ್ಲಿ ಒಂದು ಹಿಡಿ ಅಕ್ಕಿ, ಮೇಲೆ ಎರಡು ಚಿಟಿಕೆ ಕುಂಕುಮ, ನಾಲ್ಕು ಹನಿ ನೀರು. ಒದ್ದೆ ಕುಂಕುಮದ ವಾಸನೆ ಮೂಗಿಗೆ ಬಡಿದದ್ದೇ ತಡ, ಹೋದ ವರ್ಷದ ಅಕ್ಟೋಬರ್ ಇಡಿಯಾಗಿ ಎದುರಿಗೆ ಬಂದು ನಿಂತಿತು. ಪುಸ್ತಕಗಳನ್ನು ತಂದಿಟ್ಟ ಮಗಳು ಅನ್ವಿ ನನ್ನ ಮುಖ ನೋಡಿ, "ಅಮ್ಮಾ, ಆರ್ ಯೂ ಓಕೆ?" ಎಂದಳು. "ಓಕೆ ಇಲ್ಲ, ಹೋಗು ಅತ್ತಾಗ" ಎಂದು ಗದರಿದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆ. ಅಳು ಬಂದರೂ ಬೈಗುಳವಾಗಿಯೇ ಹೊರಬೀಳುತ್ತದೆ.

ಲೈನೆ ವಾಹೆರ್ ಲಂಡನ್ನಿನ ಫೆಲ್ಥಮ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದರು. ಸಾಲುಮನೆಗಳಲ್ಲಿ ಒಂದು; ಮುಂದಿನ ಕೋಣೆಯಲ್ಲಿ ಪಿಯಾನೊ, ಅದರ ಮೇಲೆ ಪೆನ್ಸಿಲ್ ತುಂಬಿದ ಜಾಮ್ ಬಾಟಲಿ, ಅಡುಗೆಮನೆಯಲ್ಲಿ ಶಾಜೀರಿಗೆ ಹಾಕಿದ ಕರಿ ಬ್ರೆಡ್ಡಿನ ಘಮ. ಎಂಬತ್ತು ದಾಟಿದ್ದ ಹೆಂಗಸು, ಎಸ್ಟೋನಿಯಾದವರು. ಅಂಥದೊಂದು ದೇಶ ಭೂಪಟದಲ್ಲಿ ಎಲ್ಲಿದೆ ಎಂದು ಅವರನ್ನು ಕಾಣುವವರೆಗೆ ನಾನು ಹುಡುಕಿದವಳಲ್ಲ. ಅಲ್ಲಿ ಅವರು ಬರೆದ ಮೇಳದ ಹಾಡುಗಳನ್ನು ಬಯಲಲ್ಲಿ ಸಾವಿರಾರು ಜನ ಒಟ್ಟಿಗೆ ನಿಂತು ಹಾಡುತ್ತಾರಂತೆ. ಇಲ್ಲಿ ಮಾತ್ರ ಅವರು ಏರ್‌ಪೋರ್ಟಿನಲ್ಲಿ ದುಡಿಯುವವರ ಮಕ್ಕಳಿಗೆ ಪಿಯಾನೊ ಕಲಿಸುವ ಮಿಸೆಸ್ ವಾಹೆರ್.

ಅನ್ವಿ ನಾಲ್ಕು ವರ್ಷ ಕಲಿತು, ಬೋರ್ ಎಂದು ಬಿಟ್ಟಳು. ಅವಳನ್ನು ಬಿಡಿಸುತ್ತೇನೆಂದು ಹೇಳಲು ಹೋದ ದಿನ ಅವರು ನನ್ನನ್ನೇ ಸ್ಟೂಲಿನ ಮೇಲೆ ಕೂರಿಸಿ, "ಹಾಗಾದರೆ ಬುಧವಾರ ಐದು ಗಂಟೆ ನಿನ್ನದು" ಎಂದರು. ಸಣ್ಣವಳಿದ್ದಾಗ ಧಾರವಾಡದಲ್ಲಿ ಐದು ವರ್ಷ ಗಾಯನ ಕಲಿತಿದ್ದೆ, ಮದುವೆಯಾದ ಮೇಲೆ ಬಾಯಿ ಮುಚ್ಚಿತ್ತು. ನಲವತ್ತೆರಡನೆಯ ವಯಸ್ಸಿಗೆ ಮತ್ತೆ ಸಾ ಹಿಡಿದೆ. ಅವರ ಬಾಯಲ್ಲಿ ಜ್ಯೋತಿ ಎಂಬ ನನ್ನ ಹೆಸರು ಯೋತಿ ಆಯಿತು. ನಾನು ಅವರನ್ನು ಟೀಚರ್ ಎನ್ನುತ್ತಿದ್ದೆ.

ಅವರದು ಎರಡು ಪದ್ಧತಿ. ಒಂದು, ಬೆರಳು. ಹೀಥ್ರೋದ ವಿಮಾನ ನಮ್ಮ ನೆತ್ತಿ ಸವರಿಕೊಂಡೇ ಇಳಿಯುತ್ತದೆ. ಪಾಠದ ನಡುವೆ ಸದ್ದು ಬಂದರೆ ಅವರು ತೋರುಬೆರಳು ಎತ್ತುತ್ತಿದ್ದರು. ನಾವು ನಿಲ್ಲಬೇಕು. ವಿಮಾನ ದಾಟಿದ ಮೇಲೆ ಬೆರಳು ಇಳಿಯುತ್ತದೆ, ನಿಂತ ಜಾಗದಿಂದಲೇ ಮುಂದುವರಿಸಬೇಕು. ಇನ್ನೊಂದು, ಕಾಯುವುದು. ತಪ್ಪು ನುಡಿಸಿದರೆ ಏನೂ ಅನ್ನುತ್ತಿರಲಿಲ್ಲ. ಆದರೆ ತಪ್ಪು ನುಡಿಸಿ, ಏನೂ ಆಗಿಲ್ಲವೆಂಬಂತೆ ಜಾರಿಕೊಂಡರೆ ಕೈ ಕಟ್ಟಿ ಕೂತುಬಿಡುತ್ತಿದ್ದರು. ತಪ್ಪಾಯಿತೆಂದು ನಾವೇ ಹೇಳುವವರೆಗೆ ಕಾಯುತ್ತಿದ್ದರು. ಒಮ್ಮೆ ಅನ್ವಿ ಹಟಕ್ಕೆ ಬಿದ್ದು ಇಪ್ಪತ್ತು ನಿಮಿಷ ಹಾಗೇ ಕೂತಳಂತೆ.

ಈ ಹಟದ ಹಿಂದೆ ಏನಿತ್ತು ಎಂದು ಒಂದು ಬುಧವಾರ ಅವರೇ ಹೇಳಿದರು. ಸೋವಿಯತ್ ಕಾಲದಲ್ಲಿ, ಅವರಿಗೆ ಇಪ್ಪತ್ತೈದೋ ಇಪ್ಪತ್ತಾರೋ ವಯಸ್ಸಿದ್ದಾಗ, ಅವರ ಹಾಡೊಂದರ ಕೊನೆಯನ್ನು ಯಾವುದೋ ಸರ್ಕಾರಿ ಕಚೇರಿಯ ಮನುಷ್ಯ ಕೇಳದೆ ಬದಲಿಸಿದ್ದ. ವೇದಿಕೆಯ ಮೇಲೆ ಅದನ್ನು ಕೇಳಿಸಿಕೊಂಡ ಇವರು ತಲೆಬಾಗಿ ಚಪ್ಪಾಳೆ ತೆಗೆದುಕೊಂಡು ಇಳಿದರು. "ಬದಲಿಸಿದವನ ಮೇಲೆ ನನಗೆ ಸಿಟ್ಟಿಲ್ಲ, ಯೋತಿ. ನಾನು ಬಾಗಿದೆನಲ್ಲ, ಅದು" ಎಂದರು. ಆಮೇಲೆ ಬ್ರೆಡ್ ಕೊಯ್ಯಲು ಎದ್ದು ಹೋದರು.

ಹೋದ ವರ್ಷದ ಬೇಸಿಗೆಯಿಂದ ಅವರು ಒಂದು ಹಾಡು ಬರೆಯುತ್ತಿದ್ದರು. ಹೌನ್ಸ್ಲೋದ ಚರ್ಚ್ ಹಾಲಿನಲ್ಲಿ ಗುರುವಾರ ಸಂಜೆ ಸೇರುವ ನಮ್ಮ ಮೇಳಕ್ಕಾಗಿ. ಇಪ್ಪತ್ತೆರಡು ಜನ ನಾವು, ನಡೆಸುವವಳು ಶಾಲೆಯಿಂದ ನಿವೃತ್ತಳಾದ ಹೆಲೆನ್. ನಾನು ಆಲ್ಟೊ, ಅಂದರೆ ಕೆಳದನಿಯ ಹೆಂಗಸರ ಸಾಲಿನಲ್ಲಿ. ಡಿಸೆಂಬರಿನ ಮೊದಲ ಶನಿವಾರ ಹಾಡಿನ ಕಛೇರಿ. ಇದೇ ತಮ್ಮ ಕೊನೆಯ ಹಾಡು ಎಂದು ಟೀಚರ್ ಮುಚ್ಚುಮರೆ ಇಲ್ಲದೆ ಹೇಳಿದ್ದರು. ಎದೆಯ ಕಾಯಿಲೆ ಇತ್ತು, ಜಿಪಿ ಡಾಕ್ಟರ್ ಕೊಟ್ಟ ಮಾತ್ರೆಗಳ ಡಬ್ಬಿ ಪೆನ್ಸಿಲ್ ಬಾಟಲಿಯ ಪಕ್ಕಕ್ಕೇ ಇತ್ತು. ಈ ಹಾಡು ಅವರು ಬರೆದ ಹಾಗೆಯೇ, ಒಂದು ಸ್ವರವೂ ಆಚೀಚೆ ಆಗದೆ, ಅವರ ಕಣ್ಣೆದುರು ಹಾಡಲ್ಪಡಬೇಕು. ನಮಗೆಲ್ಲರಿಗೂ ಇದ್ದದ್ದು ಆ ಒಂದೇ ಚಿಂತೆ.

ಅವರ ಊರಿನ ಹಳೆಯ ಪದ್ಧತಿಯ ಹಾಡು ಅದು. ಒಬ್ಬಳು ಒಂದು ಸಾಲು ಹಾಡುತ್ತಾಳೆ, ಸಾಲು ಮುಗಿಯುವ ಮೊದಲೇ ಉಳಿದವರು ಅದರ ತುದಿ ಹಿಡಿದು ಎತ್ತಿಕೊಳ್ಳುತ್ತಾರೆ. ಮೊದಲ ಸಲ ಕೇಳಿದಾಗ, "ಟೀಚರ್, ಇದು ನಮ್ಮ ಸೋಬಾನ ಪದ!" ಎಂದು ಕೂಗಿಬಿಟ್ಟಿದ್ದೆ. ಮದುವೆಮನೆಯಲ್ಲಿ ನಮ್ಮಜ್ಜಿ ಮುಂದೆ ಹಾಡುತ್ತಿದ್ದಳು, ಉಳಿದ ಹೆಂಗಸರು ಎತ್ತಿಕೊಳ್ಳುತ್ತಿದ್ದರು. ಅವರು ಹಾಡಿ ತೋರಿಸು ಎಂದರು. ಹಾಡಿದೆ. ಪೆನ್ಸಿಲ್ ಕೆಳಗಿಟ್ಟು ಕೇಳಿದರು.

ಅವರು ಬರೆಯುತ್ತಿದ್ದದ್ದು ಪೆನ್ಸಿಲಿನಲ್ಲಿ, ಹನ್ನೊಂದು ಬಿಡಿ ಹಾಳೆ. ಅದನ್ನು ಕಂಪ್ಯೂಟರಿಗೆ ಏರಿಸಿ ಎಲ್ಲರಿಗೂ ಪ್ರತಿ ಮಾಡುವ ಕೆಲಸ ನನ್ನದು. ಕಾರ್ಗೋ ಕಂಪನಿಯಲ್ಲಿ ದಿನವಿಡೀ ಕಾಗದಪತ್ರ ನೋಡುವವಳು ತಾನೇ, ಬಹಳ ಜಂಬದಿಂದ ಒಪ್ಪಿಕೊಂಡೆ. ಶುಕ್ರವಾರ ಸಂಜೆ ಕಟ್ಟು ಕೈಗೆ ಕೊಟ್ಟು ಅವರು ಹೇಳಿದರು: "ಮಂಗಳವಾರ ಸಂಜೆ ಇದು ನನ್ನ ಪಿಯಾನೊ ಮೇಲೆ ಇರಬೇಕು. ಇದರ ಇನ್ನೊಂದು ಪ್ರತಿ ಲೋಕದಲ್ಲಿ ಎಲ್ಲೂ ಇಲ್ಲ."

ಶನಿವಾರ ಮುಂಜಾನೆ ಶಿಫ್ಟ್ ಮುಗಿಸಿ ಮನೆಗೆ ಬಂದರೆ ಮೇಜಿನ ಮೇಲೆ ಹಾಳೆಗಳ ಕಟ್ಟು ಇಲ್ಲ. ಆರು ತಿಂಗಳ ವೀಸಾದಲ್ಲಿ ಧಾರವಾಡದಿಂದ ಬಂದಿದ್ದ ನನ್ನ ಅತ್ತೆ ಮಡಿಸೀರೆಯಲ್ಲಿ ದೇವರ ಮುಂದೆ ಕೂತಿದ್ದರು. ಅಲ್ಲಿ ಅನ್ವಿಯ ಪುಸ್ತಕಗಳು, ನನ್ನ ಲ್ಯಾಪ್‌ಟಾಪು, ಅದರ ಮೇಲೆ ಕೊನೆಯ ಪುಟ ಮೇಲಾಗಿ ಟೀಚರ ಹನ್ನೊಂದು ಹಾಳೆ, ಅದರ ಮೇಲೆ ಹೂವು, ಕೆಂಪು ಅಕ್ಷತೆ.

"ಅತ್ಯಾ, ಇದನ್ಯಾಕ ಇಟ್ಟ್ರಿ?"

"ಸರಸ್ವತಿ ಅಲ್ಲೇನು ಅದು? ನಿನ್ನ ಲ್ಯಾಪ್‌ಟಾಪ್ ಇಟ್ಟೆ, ಆ ಮುದುಕಿ ಹಾಡು ಬಿಟ್ಟರ ಆಕಿಗೆ ಪುಣ್ಯ ಬ್ಯಾಡೇನು?"

"ನನಗ ಇವತ್ತ ಬೇಕಾಗಿತ್ರೀ. ಟೈಪ್ ಮಾಡೋದದ."

"ಪೂಜಾಕ್ಕ ಇಟ್ಟಿದ್ದು ದಶಮಿ ಮುಂಜಾನಿತನಕ ಮುಟ್ಟೂಹಂಗಿಲ್ಲ. ಧಾರವಾಡದಾಗ ಬೆಳದಾಕಿ, ಇಷ್ಟೂ ಗೊತ್ತಿಲ್ಲೇನು ನಿನಗ?"

ಗೊತ್ತಿತ್ತು. ಅದೇ ತೊಂದರೆ. ಗೊತ್ತಿಲ್ಲದಿದ್ದರೆ ಎತ್ತಿಕೊಂಡು ಹೋಗಿಬಿಡುತ್ತಿದ್ದೆ. ಪೂಜೆಗಿಟ್ಟ ಪುಸ್ತಕವನ್ನು ನಡುವೆ ಓದಿದರೆ ವಿದ್ಯೆ ಹತ್ತುವುದಿಲ್ಲ ಎಂದು ನನಗೂ ಯಾರೋ ಐದನೆಯ ವಯಸ್ಸಿನಲ್ಲೇ ತಲೆಗೆ ತುಂಬಿದ್ದಾರೆ, ಅದು ಲಂಡನ್ನಿಗೆ ಬಂದರೂ ಇಳಿದಿಲ್ಲ. ಮೂರು ದಿನ ಆ ಹಾಳೆಗಳ ಮುಂದೆ ಸುಳಿದಾಡಿದೆ. ಹಲ್ಲು ಕಡಿದೆ. ಅತ್ತೆಯ ಜೊತೆ ಮಾತು ಬಿಟ್ಟೆ. ಮುಟ್ಟಲಿಲ್ಲ.

ಮಂಗಳವಾರ ವಿಜಯದಶಮಿ. ಮುಂಜಾನೆ ಐದಕ್ಕೆ ಅತ್ತೆ ಮಂಗಳಾರತಿ ಮಾಡಿ ಮುಗಿಸಿದ್ದೇ ಹಾಳೆಗಳನ್ನು ಎತ್ತಿ, ಅಕ್ಷತೆ ಕೊಡವಿ, ಕತ್ತಲಲ್ಲೇ ಬಸ್ ಹತ್ತಿದೆ. ಆಫೀಸಿನ ಸ್ಕ್ಯಾನರಿನಲ್ಲಿ ಹನ್ನೊಂದನ್ನೂ ಹಾಕಿದೆ. ಕಪ್ಪು ಬಿಳುಪು ಮಾತ್ರ ಹಿಡಿಯುವ ಹಳೆಯ ಯಂತ್ರ. ಸಂಜೆ ಮೂಲವನ್ನು ಟೀಚರ ಪಿಯಾನೊ ಮೇಲಿಟ್ಟು ಉಸ್ಸೆಂದೆ. ಆಮೇಲೆ ಬುಧವಾರ ರಜೆ ಹಾಕಿ, ಪಾಠವನ್ನೂ ತಪ್ಪಿಸಿ, ಸ್ಕ್ಯಾನ್ ನೋಡಿಕೊಂಡು ಟೈಪ್ ಮಾಡಿದೆ.

ಇವರ ಸಂಗೀತದಲ್ಲಿ ಸ್ವರವೆಂದರೆ ಐದು ಗೆರೆಗಳ ಮೇಲೆ ಓರೆಯಾಗಿ ಕೂತ ಒಂದು ಕಪ್ಪು ಕಾಳು, ಅದಕ್ಕೊಂದು ಕಡ್ಡಿ. ಟೀಚರ ಕೈ ನಡುಗುತ್ತಿದ್ದರಿಂದ ಎಷ್ಟೋ ಕಾಳುಗಳಿಗೆ ಕಡ್ಡಿ ಬಿಟ್ಟುಹೋಗಿತ್ತು. ನಾನು ಹಾಕುತ್ತಾ ಹೋದೆ. ಕೊನೆಯ ಪುಟದಲ್ಲಿ, ಮುಂದಾಳು ದನಿ ಒಂಟಿಯಾಗಿ ಕೊನೆಯ ಸಾಲು ಹಾಡಿ ಮುಗಿಸುವಲ್ಲಿ, ಆಲ್ಟೊ ಸಾಲಿನಲ್ಲಿ ಕಡ್ಡಿಯಿಲ್ಲದ ಒಂದೇ ಒಂದು ಕಾಳಿತ್ತು. ಉಳಿದ ಯಾವ ದನಿಗೂ ಏನೂ ಇರಲಿಲ್ಲ. ನನಗೆ ಅನುಮಾನವೇ ಬರಲಿಲ್ಲ. ಮುಂದೆ ಹಾಡುವವಳು ಹಾಡಿದರೆ ಯಾರಾದರೂ ಎತ್ತಿಕೊಳ್ಳಲೇಬೇಕಲ್ಲ! ನಮ್ಮಲ್ಲಿ ಅವಳೊಬ್ಬಳನ್ನೇ ನಡುನೀರಲ್ಲಿ ಬಿಡುವುದುಂಟೆ? ಕಡ್ಡಿ ಹಾಕಿದೆ. ಇಪ್ಪತ್ತೆರಡು ಪ್ರತಿ ತೆಗೆದೆ.

ಗುರುವಾರ ಟೀಚರ್ ಕೋಟಿನ ಮೇಲೆ ಕೋಟು ಹಾಕಿಕೊಂಡು ಹಾಲಿಗೆ ಬಂದರು. ಕಣ್ಣು ಮುಚ್ಚಿ ಕೂತರು. ನಾವು ತಡವರಿಸುತ್ತಾ ಕೊನೆಯ ಪುಟಕ್ಕೆ ಬಂದೆವು. ಮುಂದಾಳು ಸಾಲು ಮುಗಿಸಿದಳು, ನಾವು ಐವರು ಆಲ್ಟೊ ಹೆಂಗಸರು ಆ ಒಂದು ಸ್ವರವನ್ನು ಮೆಲ್ಲಗೆ ಎತ್ತಿಕೊಂಡೆವು. ಟೀಚರ್ ಕಣ್ಣು ತೆರೆಯಲು ಬಹಳ ಹೊತ್ತು ತೆಗೆದುಕೊಂಡರು. "ಚೆನ್ನಾಗಿದೆ" ಎಂದರು. "ತುಂಬಾ ಚೆನ್ನಾಗಿದೆ."

ಅವರನ್ನು ಮನೆಗೆ ಬಿಡಲು ಹೋದೆ. ಅವರು ಕೆಟಲ್ ಇಡಲು ಒಳಗೆ ಹೋದಾಗ ಪಿಯಾನೊ ಮೇಲಿನ ಹಾಳೆಗಳ ಕಡೆ ಕಣ್ಣು ಹೋಯಿತು. ಕೊನೆಯ ಪುಟ ಮೇಲಿತ್ತು. ಆಲ್ಟೊ ಸಾಲಿನ ಆ ಕಾಳು ಕೆಂಪಗಿತ್ತು.

ಉಗುರಿನಿಂದ ಮುಟ್ಟಿದೆ. ಕುಂಕುಮ. ಒದ್ದೆ ಅಕ್ಷತೆಯ ಒಂದು ಕಾಳು ಮೂರು ದಿನ ಅಲ್ಲಿ ಅಂಟಿಕೊಂಡು ತನ್ನ ಗುರುತು ಬಿಟ್ಟು ಉದುರಿತ್ತು. ಅಕ್ಕಿಕಾಳನ್ನು ನಾನು ಸ್ವರವೆಂದು ಬರೆದಿದ್ದೆ, ಐದು ಜನ ಅದನ್ನು ಹಾಡಿದ್ದೆವು. ಇದನ್ನು ಬರೆದವರೇ ಎದುರಿಗೆ ಕೂತು ಕೇಳಿ ಚೆನ್ನಾಗಿದೆ ಎಂದಿದ್ದರು!

ಆಗ ಹೊಳೆಯಿತು, ಅವರ ಕಿವಿ ಹೋಗಿದೆ. ಹೊಳೆದದ್ದೇ ಎಲ್ಲವೂ ಸಾಲಾಗಿ ನೆನಪಿಗೆ ಬಂತು. ಇತ್ತೀಚೆಗೆ ಎಷ್ಟು ಸಲ ಬೆಲ್ ಒತ್ತಿದರೂ ಬಾಗಿಲು ತೆಗೆಯುತ್ತಿರಲಿಲ್ಲ, ಕೊನೆಗೆ ಕಿಟಕಿ ತಟ್ಟಬೇಕಿತ್ತು. ವಿಮಾನ ಬಂದಾಗ ಕೆಲವೊಮ್ಮೆ ಬೆರಳೂ ಏಳುತ್ತಿರಲಿಲ್ಲ. ಈಗ ನಾನು ತಪ್ಪು ಒಪ್ಪಿಕೊಂಡರೆ, ತಮ್ಮದೇ ಹಾಡಿನಲ್ಲಿ ಸೇರಿಕೊಂಡ ಸ್ವರ ತಮಗೆ ಗೊತ್ತಾಗಲಿಲ್ಲ ಎಂಬುದು ಅವರಿಗೆ ಗೊತ್ತಾಗುತ್ತದೆ. ಕೊನೆಯ ಹಾಡಿಗೆ ಮುಂಚೆ ಅದನ್ನು ಅವರಿಗೆ ಹೇಳುವ ಗಟ್ಟಿ ಎದೆ ನನಗಿರಲಿಲ್ಲ. ಒಪ್ಪಿಕೊಳ್ಳದಿದ್ದರೆ? ಕೇಳದೆ ಬದಲಿಸಿದ ಆ ಕಚೇರಿಯ ಮನುಷ್ಯನಿಗೂ ನನಗೂ ಏನು ವ್ಯತ್ಯಾಸ? ಟೀ ಕುಡಿದೆನೋ ಇಲ್ಲವೋ ನೆನಪಿಲ್ಲ.

ಮರುದಿನ ಹೆಲೆನ್‌ಗೆ ಫೋನ್ ಮಾಡಿದೆ. ಆಲ್ಟೊ ಸಾಲಿನಲ್ಲಿ ಒಂದು ಸ್ವರ ತಪ್ಪಿ ಬಂದಿದೆ, ತೆಗೆಸು, ಟೀಚರಿಗೆ ಹೇಳಬೇಡ ಎಂದೆ. "ಅವರು ಕೇಳಿದರೆ?" ಎಂದಳು ಹೆಲೆನ್. "ಕೇಳುವುದಿಲ್ಲ. ಅವರಿಗೆ ಕೇಳಿಸುವುದಿಲ್ಲ" ಎಂದೆ. ಅವಳು "ಅಯ್ಯೋ ಪಾಪ" ಎನ್ನುವ ಅರ್ಥದ ಏನನ್ನೋ ಅಂದಳು. ಮುಂದಿನ ಗುರುವಾರ ನಾನೇ ಎಲ್ಲ ಪ್ರತಿಗಳ ಮೇಲೆ ಬಿಳಿ ಚೀಟಿ ಅಂಟಿಸಿದೆ.

ಅದಕ್ಕೆ ಮುಂಚೆ ಬುಧವಾರ ಬಂತು. ಪಾಠದಲ್ಲಿ ನನ್ನ ಬೆರಳು ಒಂದೂ ನೆಟ್ಟಗೆ ಬೀಳಲಿಲ್ಲ. ಟೀಚರ್ ಪಿಯಾನೊ ಮುಚ್ಚಿದರು. ಕೊನೆಯ ಪುಟವನ್ನು ನನ್ನ ಮುಂದೆ ಹಿಡಿದು ಆ ಕೆಂಪು ಗುರುತಿನ ಮೇಲೆ ಬೆರಳಿಟ್ಟರು.

"ಇದೇನು, ಯೋತಿ?"

ಕಲೆ ನೋಡಿದ್ದಾರೆ, ಅಷ್ಟೇ ಎಂದುಕೊಂಡೆ. ಬಡಬಡ ಹೇಳಿದೆ: ಅತ್ತೆ, ಪೂಜೆ, ಅಕ್ಷತೆ, ಮುಟ್ಟಬಾರದೆಂಬ ಕಟ್ಟು, ಎಲ್ಲ. "ಹಾಳೆ ಹಾಳಾಯಿತು, ದಯವಿಟ್ಟು ಕ್ಷಮಿಸಿ ಟೀಚರ್."

"ಅಕ್ಕಿ?" ಅವರು ನಕ್ಕರು. ಅವರು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಕಂಡದ್ದೇ ಕಡಿಮೆ. "ನಿನ್ನ ಅತ್ತೆ ನನ್ನ ಹಾಡಿಗೆ ಅಕ್ಕಿ ಹಾಕಿದರು?"

"ಹೌದು."

ನಗು ನಿಂತಿತು. ಕೈ ಕಟ್ಟಿ ಕೂತರು. "ಬೇರೆ ಏನಾದರೂ ಹೇಳುವುದಿದೆಯೇ?"

ನನಗೆ ಆ ಕೂರುವಿಕೆ ಗೊತ್ತಿರಲಿಲ್ಲವೇ? ಮಗಳು ಇಪ್ಪತ್ತು ನಿಮಿಷ ಎದುರಿಸಿದ್ದ ಅದೇ ಭಂಗಿ. ಆದರೂ ಕಿವಿ ಹೋದ ಮುದುಕಿಯ ಮನಸ್ಸು ನೋಯಿಸಬಾರದು ಎಂಬ ನನ್ನ ದೊಡ್ಡಸ್ತಿಕೆ ಕಣ್ಣಿಗೆ ಕಟ್ಟಿತ್ತು. "ಇಲ್ಲ ಟೀಚರ್" ಎಂದೆ. ಅವರು ಇನ್ನೂ ಸ್ವಲ್ಪ ಹೊತ್ತು ಕಾದರು. ಒಂದು ವಿಮಾನ ಬಂತು, ಹೋಯಿತು. ಅವರು ಬೆರಳು ಎತ್ತಲಿಲ್ಲ. ಬೆರಳೆತ್ತಿ ನಿಲ್ಲಿಸಲು ಯಾವ ಹಾಡೂ ನಡೆಯುತ್ತಿರಲಿಲ್ಲ ಎಂಬುದೂ ನನಗೆ ಹೊಳೆಯಲಿಲ್ಲ.

ನವೆಂಬರಿನಲ್ಲಿ ಚಳಿ ಬಿಗಿಯಿತು, ನಾಲ್ಕಕ್ಕೇ ಕತ್ತಲು. ಟೀಚರಿಗೆ ಎದೆ ಕಟ್ಟಿಕೊಂಡಿತ್ತು, ಆ ಮೊದಲ ಗುರುವಾರದ ನಂತರ ಅವರು ಅಭ್ಯಾಸಕ್ಕೆ ಬರಲೇ ಇಲ್ಲ. ನನಗೋ ಪ್ರತಿ ಗುರುವಾರ ಕಳ್ಳನ ಎದೆಬಡಿತ. ಕಛೇರಿಯ ದಿನ ಅವರನ್ನು ಟ್ಯಾಕ್ಸಿಯಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಹಾಡು ಎಲ್ಲೂ ಮುಗ್ಗರಿಸಲಿಲ್ಲ. ಕೊನೆಯ ಪುಟ ಬಂದಾಗ ನಾನು ಅವರನ್ನೇ ನೋಡುತ್ತಿದ್ದೆ. ಮುಂದಾಳು ಕೊನೆಯ ಸಾಲು ಹಾಡಿದಳು. ಟೀಚರ್ ಮುಂದಕ್ಕೆ ಬಾಗಿ, ತಲೆಯನ್ನು ನಮ್ಮ ಕಡೆಗೆ, ಆಲ್ಟೊ ಸಾಲಿನ ಕಡೆಗೆ ವಾಲಿಸಿದರು. ನಾವು ಬಾಯಿ ಮುಚ್ಚಿಕೊಂಡು ನಿಂತಿದ್ದೆವು. ಸಾಲು ಮುಗಿಯಿತು. ಚಪ್ಪಾಳೆ ಬಿತ್ತು. ಹೆಲೆನ್ ಕೈ ನೀಡಿ ಕರೆದಾಗ ಅವರು ಎದ್ದು ನಿಂತರು, ತಲೆ ಬಾಗಿಸಲಿಲ್ಲ.

ಟ್ಯಾಕ್ಸಿಯಲ್ಲಿ ನನ್ನ ಕೈ ಹಿಡಿದುಕೊಂಡು, "ಕೊನೆಯಲ್ಲಿ ನಾನು ಕಾಯುತ್ತಿದ್ದೆ" ಎಂದರು.

"ಏನಕ್ಕೆ, ಟೀಚರ್?"

"ಪರವಾಗಿಲ್ಲ. ಮನೆಗೆ ಹೋಗಿ ಟೀ ಕುಡಿಯೋಣ."

ಫೆಬ್ರವರಿಯಲ್ಲಿ ಅವರು ಹೋದರು. ಮಾರ್ಚಿನಲ್ಲಿ ಎಸ್ಟೋನಿಯಾದಿಂದ ಅವರ ಅಣ್ಣನ ಮಗಳು ಕಾಡ್ರಿ ಮನೆ ಖಾಲಿ ಮಾಡಲು ಬಂದಳು. ಬರಹೇಳಿದ್ದಳು, ಹೋಗಿ ಬೆಲ್ ಒತ್ತಿದೆ. ಮತ್ತೆ ಒತ್ತಿದೆ. ಅವಳು ಕಿಟಕಿಯಲ್ಲಿ ನನ್ನನ್ನು ಕಂಡು ಬಂದು ಬಾಗಿಲು ತೆಗೆದಳು. "ಕ್ಷಮಿಸಿ, ಈ ಬೆಲ್ ಕೆಟ್ಟು ವರ್ಷವಾಯಿತು. ರಿಪೇರಿ ಮಾಡಿಸು ಎಂದರೆ ಅತ್ತೆ ಕೇಳುತ್ತಲೇ ಇರಲಿಲ್ಲ."

ನಾನು ಹೊಸ್ತಿಲಲ್ಲೇ ನಿಂತೆ.

"ಕಿವಿ?" ಎಂದೆ. "ಅವರ ಕಿವಿ ಸರಿಯಾಗಿ..."

"ಅತ್ತೆಯ ಕಿವಿಯೇ? ಕೊನೆಯ ಸಲ ಬಂದಿದ್ದಾಗಲೂ ಮಹಡಿಯ ಮೇಲೆ ನಾನು ಚೀಲದ ಜಿಪ್ ಎಳೆದರೆ ಕೆಳಗಿನಿಂದ ಬೈಯುತ್ತಿದ್ದಳು."

ಅವಳು ಹನ್ನೊಂದು ಹಾಳೆಗಳನ್ನು ನನ್ನ ಕೈಗಿಟ್ಟಳು. ಮುಂದಿನ ಚಳಿಗಾಲಕ್ಕೆ ಅವು ಅವರ ದೇಶದ ಲೈಬ್ರರಿಗೆ ಹೋಗಬೇಕು, ಶುದ್ಧಪ್ರತಿಯೊಂದನ್ನು ಜೊತೆಗೆ ಮಾಡಿಕೊಡಿ ಎಂದಳು. ಆಮೇಲೆ ತಾನಾಗಿಯೇ ಹೇಳಿದಳು: "ಆ ಹಾಡಿನ ಕೊನೆಗೆ ಯಾರೂ ಎತ್ತಿಕೊಳ್ಳಬಾರದು ಎಂದು ಅತ್ತೆ ಬರೆದದ್ದು. ಅವಳು ಎಷ್ಟೋ ವರ್ಷಗಳ ಮೇಲೆ ಊರಿಗೆ ಹೋಗಿ ಬೇಲಿಯ ಹತ್ತಿರ ನಿಂತು ತನ್ನ ಅಜ್ಜಿಯ ಸಾಲು ಹಾಡಿದಳಂತೆ, ಎತ್ತಿಕೊಳ್ಳುವವರು ಒಬ್ಬರೂ ಉಳಿದಿರಲಿಲ್ಲ. ಆದರೆ ಅಕ್ಟೋಬರಿನಲ್ಲಿ ಫೋನ್ ಮಾಡಿದಾಗ ತುಂಬ ಖುಷಿಯಲ್ಲಿದ್ದಳು. ಕೊನೆ ಬದಲಾಗಿದೆ, ಇಲ್ಲಿ ಯಾರೋ ಎತ್ತಿಕೊಂಡರು ಎಂದಳು. ನಿಮಗೆ ಗೊತ್ತೇ, ಅದು ಯಾರು?"

ಕೊನೆಯ ಪುಟ ತೆರೆದೆ. ಕುಂಕುಮದ ಆ ಕೆಂಪು ಕಾಳಿಗೆ, ನಡುಗುವ ಪೆನ್ಸಿಲಿನಲ್ಲಿ, ಅವರು ಕಡ್ಡಿ ಎಳೆದಿದ್ದರು.

ಗೊತ್ತಿಲ್ಲ ಎಂದು ತಲೆಯಾಡಿಸಿ, ಹಾಳೆಗಳನ್ನು ಎದೆಗೊತ್ತಿಕೊಂಡು, ಆ ಎರಡು ಬೀದಿಯನ್ನು ಸುತ್ತಿ ಸುತ್ತಿ ನಡೆದೆ. ಏಳು ತಿಂಗಳು ಶುದ್ಧಪ್ರತಿ ಮಾಡದೆ ನೆಪ ಹೇಳಿದೆ. ನನ್ನ ಅತ್ತೆ ಧಾರವಾಡದಿಂದ ಫೋನ್ ಮಾಡಿದಾಗಲೆಲ್ಲ, "ಆ ಮುದುಕಿ ಹಾಡು ಏನಾತವಾ?" ಎಂದು ಕೇಳುತ್ತಿದ್ದರು. "ನಿಮ್ಮ ಅಕ್ಷತಿ ಮ್ಯಾಲೆ ನಿಂತದ" ಎನ್ನಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು, ನುಂಗುತ್ತಿದ್ದೆ.

ಈ ಸಲ ಹಾಳೆಗಳನ್ನು ನಾನೇ ಪೂಜೆಗಿಟ್ಟೆ. ದಶಮಿಯಂದು ಎತ್ತಿಕೊಂಡು, ಅದೇ ವಾರ ಗುರುವಾರದ ಅಭ್ಯಾಸಕ್ಕೆ ಹೋದೆ. ಟೀಚರ ನೆನಪಿನ ಕಛೇರಿಗಾಗಿ ಹೆಲೆನ್ ಆ ಹಾಡನ್ನೇ ತೆಗೆದಿದ್ದಳು. ಶುರುವಾಗುವ ಮೊದಲು ಎದ್ದು ನಿಂತು ಹೇಳಿದೆ. ಅಕ್ಕಿ, ಸ್ಕ್ಯಾನರು, ಬಿಳಿ ಚೀಟಿ, ಅವರು ಕೇಳಿದ ಪ್ರಶ್ನೆ, ನಾನು ಹೇಳಿದ ಇಲ್ಲ. ಅವರಿಗೆ ಕೇಳಿಸುತ್ತಿತ್ತು, ಕೊನೆಯವರೆಗೂ ಎಲ್ಲವೂ ಕೇಳಿಸುತ್ತಿತ್ತು ಎಂದೆ. ಇಪ್ಪತ್ತೊಂದು ಜನ ನನ್ನನ್ನೇ ನೋಡುತ್ತಿದ್ದರು. ಹೆಲೆನ್ ಮುಖ ಬಿಳಿಚಿತ್ತು. ಅವಳು ಯಾರನ್ನೂ ಬೈಯಲಿಲ್ಲ, ತನ್ನ ಪ್ರತಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದಳು. ಎಲ್ಲರೂ ಕೆರೆದರು.

ಹಾಡು ಶುರುವಾಯಿತು. ಕೊನೆಯ ಪುಟಕ್ಕೆ ಬಂದೆವು. ಮುಂದಾಳು ಕೊನೆಯ ಸಾಲಿನ ತುದಿಯಲ್ಲಿದ್ದಾಗ ಮೇಲೆ ವಿಮಾನ ಬಂತು, ಹಾಲಿನ ಕಿಟಕಿಗಾಜು ನಡುಗಿತು. ಹೆಲೆನ್ ಟೀಚರ ಹಾಗೆ ತೋರುಬೆರಳು ಎತ್ತಿದಳು. ಎಲ್ಲರೂ ನಿಂತಲ್ಲೇ ನಿಂತೆವು. ಕಾದೆವು. ಸದ್ದು ಹೌನ್ಸ್ಲೋ ದಾಟಿ ಹೀಥ್ರೋ ಕಡೆಗೆ ಸಣ್ಣಗಾಗುತ್ತಾ ಹೋಯಿತು. ಬೆರಳು ಇಳಿಯಿತು.

ನಾನು ಎತ್ತಿಕೊಂಡೆ.